ಇಳಿಜಾರಿನ ಲೆಕ್ಕ

ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನವೂ ಬರುವ ಭರವಸೆಯಿಲ್ಲ. ಬಂದಾಗ ಡ್ರಮ್ಮು, ಬಿಂದಿಗೆ, ಸಂಪು ಎಲ್ಲವನ್ನೂ ತುಂಬಿಸಿಕೊಂಡು, ಆಮೇಲೆ ಚೊಂಬಿನ ಲೆಕ್ಕದಲ್ಲಿ ಬಳಸುತ್ತೇವೆ. ಊರಿನ ಒಳಚರಂಡಿ ಪದೇ ಪದೇ ಕಟ್ಟಿಕೊಳ್ಳುವುದೂ ಇದೇ ದಿನಗಳಲ್ಲಿ. ನೀರು ಕಡಿಮೆ ಬಿಟ್ಟರೆ ಚರಂಡಿಗೆ ಹೊರೆ ಇಳಿಯಬೇಕಿತ್ತಲ್ಲವೇ?

ಇನ್ನೊಂದು ವಿಚಿತ್ರವನ್ನೂ ನೀವು ನೋಡಿರುತ್ತೀರಿ. ಮನೆ ಮುಂದಿನ ಮ್ಯಾನ್‌ಹೋಲ್ ಉಕ್ಕಿ ರಸ್ತೆಯೆಲ್ಲ ಗಬ್ಬು. ದೂರು ಕೊಟ್ಟ ಮೇಲೆ ನಗರಸಭೆಯ ಜೆಟ್ಟಿಂಗ್ ಲಾರಿ ಬರುತ್ತದೆ. ಜೊತೆಗೆ ಬಂದವರು ಉಕ್ಕುತ್ತಿರುವ ಮ್ಯಾನ್‌ಹೋಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಅದನ್ನು ದಾಟಿ ಬೀದಿಯ ತಗ್ಗಿಗೆ ನಡೆದುಬಿಡುತ್ತಾರೆ. ಮನೆಯವರು ಕೂಗಿ ಕರೆದರೆ ಚಾಮರಾಜನಗರದ ಕಡೆ ಸಿಗುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: “ಇಲ್ಲಿ ಕಟ್ಕಂಡಿಲ್ಲ ಕನಣ್ಣ, ಕೆಳಗಲ ಗುಂಡೀಲಿ ಕಟ್ಕಂಡದ.”

ಮೂರನೆಯದು ಕಚೇರಿಗಳ ಗೋಜಲು. ರಸ್ತೆ ಅಗೆದು ಪೈಪು ಹೂತವರು ಒಂದು ಇಲಾಖೆ, ದೂರು ತೆಗೆದುಕೊಳ್ಳುವವರು ಇನ್ನೊಂದು, ಹಣ ಕೊಟ್ಟವರು ಮತ್ತೊಂದು. ಈ ಮೂರು ಒಗಟಿಗೂ ಒಂದೇ ಬೇರು. ಅದನ್ನು ಹುಡುಕಲು ನೆಲದ ಕೆಳಗೆ ಇಳಿಯಬೇಕು.

ಎಂಜಿನ್ ಇಲ್ಲದ ಯಂತ್ರ

ಕುಡಿಯುವ ನೀರಿನ ಪೈಪಿನಲ್ಲಿ ಒತ್ತಡ ಇರುತ್ತದೆ. ಓವರ್‌ಹೆಡ್ ಟ್ಯಾಂಕಿನಿಂದ ಇಳಿದ ನೀರು ಆ ಒತ್ತಡದ ಬಲದಿಂದಲೇ ದಿಣ್ಣೆ ಹತ್ತುತ್ತದೆ, ಮೂಲೆ ತಿರುಗುತ್ತದೆ, ಎರಡನೇ ಮಹಡಿಗೂ ಏರುತ್ತದೆ. ಒಳಚರಂಡಿಯ ಪೈಪಿಗೆ ಆ ಭಾಗ್ಯವಿಲ್ಲ. ಅದು ತುಂಬಿ ಹರಿಯಬಾರದು. ಮೇಲುಭಾಗದಲ್ಲಿ ಗಾಳಿಗೆ ಜಾಗ ಇರಬೇಕು. ಒಳಗಿನ ಕೊಳಚೆಯನ್ನು ಮುಂದಕ್ಕೆ ಎಳೆಯುವುದು ಭೂಮಿಯ ಸೆಳೆತ ಒಂದೇ. ಹಾಗಾಗಿ ಮೊದಲ ಮನೆಯಿಂದ ಕೊನೆಯ ಶುದ್ಧೀಕರಣ ಘಟಕದವರೆಗೆ ಪೈಪು ಎಲ್ಲೂ ಬಿಡದೆ ಇಳಿಯುತ್ತಲೇ ಇರಬೇಕು.

ಎಷ್ಟು ಇಳಿಯಬೇಕು? ಬೀದಿಗಳಲ್ಲಿ ಹಾಕುವ ಒಂದು ಗೇಣು ಅಗಲದ ಪೈಪಿಗೆ 200 ಅಡಿಗೆ ಒಂದು ಅಡಿ ಇಳಿಜಾರು ಎಂದುಕೊಳ್ಳಿ. ಕೇಳಲು ಏನೂ ಅಲ್ಲ. ನೆಲ ಸಮತಟ್ಟಾಗಿದ್ದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಪೈಪು 5 ಮೀಟರ್ ಕೆಳಗೆ ಹೋಗಿರುತ್ತದೆ. ಒಂದು ಮೀಟರ್ ಆಳದಲ್ಲಿ ಹೊರಟದ್ದು 6 ಮೀಟರ್ ಆಳ ಮುಟ್ಟುತ್ತದೆ, ಅಂದರೆ ಎರಡಂತಸ್ತಿನ ಮನೆಯನ್ನು ತಲೆಕೆಳಗು ಮಾಡಿ ಹೂಳುವಷ್ಟು ಗುಂಡಿ. ಇನ್ನು ಇಲ್ಲಿಯ ನೆಲವೋ, ಕರಿಕಲ್ಲಿಗೆ ಹೆಸರಾದ ಚಾಮರಾಜನಗರ ಜಿಲ್ಲೆಯ ನೆಲ. ನಾಲ್ಕು ಅಡಿ ಮಣ್ಣು ತೆಗೆದರೆ ಬಂಡೆ ಎದುರಾಗುವ ಕಡೆ ಪ್ರತಿ ಅಡಿ ಆಳಕ್ಕೂ ಬ್ರೇಕರ್ ಹಿಡಿಯಬೇಕು. ಟೆಂಡರಿನ ಮೊತ್ತ ಏರುವುದು, ಅಗೆದ ರಸ್ತೆ ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡಿರುವುದು ಇದರಿಂದಲೂ ಹೌದು. ಎಲ್ಲದಕ್ಕೂ ಇದೇ ಕಾರಣ ಅಂತಲ್ಲ; ಗುತ್ತಿಗೆಯ ಕಥೆಗಳು ಬೇರೆಯೇ ಇರುತ್ತವೆ.

ಆಳ ಮಿತಿ ಮೀರಿದ ಕಡೆ ಎಂಜಿನಿಯರುಗಳು ಒಂದು ಬಾವಿ ತೋಡುತ್ತಾರೆ. ಅವರ ಬಾಯಲ್ಲಿ ಅದು ವೆಟ್‌ವೆಲ್, ನಾವು ಸಂಗ್ರಹ ಬಾವಿ ಎನ್ನೋಣ. ಸುತ್ತಲ ಬಡಾವಣೆಗಳ ಕೊಳಚೆ ಅಲ್ಲಿಗೆ ಇಳಿದು ಸೇರುತ್ತದೆ, ಪಂಪು ಅದನ್ನು ಮೇಲಕ್ಕೆತ್ತಿ ಮುಂದಿನ ಪೈಪಿನ ತಲೆಗೆ ಸುರಿಯುತ್ತದೆ, ಅಲ್ಲಿಂದ ಮತ್ತೆ ಇಳಿಜಾರು. ಇಡೀ ವ್ಯವಸ್ಥೆಯಲ್ಲಿ ಕರೆಂಟು ಬೇಡುವ ಜಾಗ ಇದು ಮತ್ತು ಶುದ್ಧೀಕರಣ ಘಟಕ. ಸೆಸ್ಕ್‌ನ ವಿದ್ಯುತ್ ಲೈನು ಹೋಗಿ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಬಾವಿ ತುಂಬುತ್ತದೆ. ಅದರ ಹಿಂದಿನ ಪೈಪು, ಪೈಪಿನ ಹಿಂದಿನ ಮ್ಯಾನ್‌ಹೋಲ್ ಸಾಲಾಗಿ ತುಂಬುತ್ತವೆ.

ಇಳಿಜಾರಿಗಾಗಿ ಒಂದು ಊರು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಅಮೆರಿಕದ ಶಿಕಾಗೊ ಸಾಕ್ಷಿ. ಸರೋವರದ ದಂಡೆಯ ಆ ಊರು ತಟ್ಟೆಯಷ್ಟು ಚಪ್ಪಟೆ, ಪೈಪು ಇಳಿಸಲು ಆಳವೇ ಇಲ್ಲ. 1850ರ ದಶಕದಲ್ಲಿ ಎಲ್ಲಿಸ್ ಚೆಸ್‌ಬ್ರೋ ಎಂಬ ಎಂಜಿನಿಯರ್ ಕೊಟ್ಟ ಉಪಾಯ ಹುಚ್ಚುತನದಂತೆ ಕಂಡಿರಬೇಕು: ಪೈಪನ್ನು ಇರುವ ರಸ್ತೆಯ ಮೇಲೆಯೇ ಇಡಿ, ಅದರ ಮೇಲೆ ಮಣ್ಣು ತುಂಬಿ ರಸ್ತೆ ಎತ್ತರಿಸಿ, ಆಮೇಲೆ ಕಟ್ಟಡಗಳನ್ನು ಜಾಕಿ ಕೊಟ್ಟು ಮೇಲಕ್ಕೆತ್ತಿ. ಮುಂದಿನ ವರ್ಷಗಳಲ್ಲಿ ಅವರು ಹಾಗೆಯೇ ಮಾಡಿದರು. ಇಟ್ಟಿಗೆಯ ದೊಡ್ಡ ಹೋಟೆಲುಗಳು ಒಳಗೆ ಅತಿಥಿಗಳಿರುವಾಗಲೇ ಇಂಚಿಂಚಾಗಿ ಮೇಲೆದ್ದವು.

ತೊಳೆವೇಗ

ಇಳಿಜಾರು ಸಿಕ್ಕರೆ ಮುಗಿಯಲಿಲ್ಲ. ನಿಮ್ಮ ಬಚ್ಚಲಲ್ಲೇ ಪರೀಕ್ಷಿಸಬಹುದು. ನೆಲದ ಮೇಲೆ ಒಂದು ಹಿಡಿ ಮರಳು ಹಾಕಿ ಒಂದು ಚೊಂಬು ನೀರನ್ನು ರಪ್ಪನೆ ಎರಚಿ, ಮರಳು ತೂಬಿನವರೆಗೂ ಉರುಳಿ ಹೋಗುತ್ತದೆ. ಅಷ್ಟೇ ಮರಳಿಗೆ ಅದೇ ಒಂದು ಚೊಂಬು ನೀರನ್ನು ನೂಲಿನಂತೆ ಬಿಡಿ. ನೀರು ಮರಳನ್ನು ಸುತ್ತಿಕೊಂಡು ತನ್ನ ಪಾಡಿಗೆ ಹೋಗುತ್ತದೆ, ಮರಳು ಇದ್ದಲ್ಲೇ. ನೀರಿನ ಪ್ರಮಾಣ ಒಂದೇ, ಇಳಿಜಾರೂ ಒಂದೇ. ಬೇರೆಯಾದದ್ದು ನೀರಿನ ದಪ್ಪ, ಅದರಿಂದ ಬಂದ ವೇಗ.

ಕೊಳಚೆ ನೀರು ತನ್ನೊಳಗಿನ ಮರಳು, ಬೂದಿ, ಅಕ್ಕಿ ಅಗುಳು, ಮಲದ ಚೂರುಗಳನ್ನು ತಳಕ್ಕೆ ಕೂರಲು ಬಿಡದೆ ಒಯ್ಯಬೇಕಾದರೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗವಾದರೂ ಬೇಕು. ಹೆಚ್ಚುಕಡಿಮೆ ಎರಡು ಅಡಿ; ಆರಾಮಾಗಿ ಅಡ್ಡಾಡುವವನ ನಡಿಗೆಗಿಂತಲೂ ಸ್ವಲ್ಪ ನಿಧಾನ. ದಿನಕ್ಕೊಮ್ಮೆ, ಬೆಳಿಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿಗಾದರೂ, ಈ ವೇಗ ಮುಟ್ಟಿದರೆ ಹಿಂದಿನ ರಾತ್ರಿ ಕೂತ ಹೂಳು ಎದ್ದು ಹೋಗುತ್ತದೆ. ಎಂಜಿನಿಯರಿಂಗ್ ಪುಸ್ತಕಗಳು ಸೆಲ್ಫ್ ಕ್ಲೀನ್ಸಿಂಗ್ ವೆಲಾಸಿಟಿ ಎನ್ನುವುದು ಇದನ್ನೇ. ನಾವು ತೊಳೆವೇಗ ಎನ್ನೋಣ. ಪೈಪು ತನ್ನನ್ನು ತಾನೇ ತೊಳೆದುಕೊಳ್ಳುವ ವೇಗ.

ಅರ್ಧ ತುಂಬಿದ ಪೈಪಿನಲ್ಲಿ ನೀರು ಚೆನ್ನಾಗಿಯೇ ಓಡುತ್ತದೆ. ಅದೇ ಪೈಪಿನ ತಳದಲ್ಲಿ ಹತ್ತನೇ ಒಂದು ಭಾಗದಷ್ಟೇ ನೀರಿದ್ದರೆ ತಳದ ಉಜ್ಜುವಿಕೆ ಅದನ್ನು ಹಿಡಿದು ನಿಲ್ಲಿಸಿ, ವೇಗ ಶೇ 40ರ ಆಸುಪಾಸಿಗೆ ಕುಸಿಯುತ್ತದೆ. ಆಗ ನೀರು ಮುಂದೆ ಹೋಗುತ್ತದೆ, ಹೊತ್ತು ತಂದದ್ದು ಹಿಂದೆ ಉಳಿಯುತ್ತದೆ. ಬೇಸಿಗೆಯ ಒಗಟು ಇಲ್ಲಿಗೆ ಬಿಟ್ಟಿತು.

ಈ ಕಾರಣಕ್ಕೇ ಕೇಂದ್ರ ಸರ್ಕಾರದ ಕೈಪಿಡಿ ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆನ್ನುತ್ತದೆ. ಒಳಚರಂಡಿ ಇಲ್ಲದ ಊರಿಗಾದರೆ 70 ಲೀಟರ್ ಸಾಕು ಎಂದು 1999ರ ಕೈಪಿಡಿ ಹೇಳಿತ್ತು. ಕೊಟ್ಟ ನೀರಿನಲ್ಲಿ ಸುಮಾರು ಶೇ 80 ಬಚ್ಚಲು, ಪಾಯಿಖಾನೆ, ಅಡುಗೆಮನೆಗಳ ಮೂಲಕ ಪೈಪಿಗೆ ಮರಳುತ್ತದೆಂದು ಲೆಕ್ಕ.

ಆ ಲೆಕ್ಕವನ್ನು ನಮ್ಮೂರುಗಳಿಗೆ ಹಾಕಿ ನೋಡಿ. 2011ರ ಜನಗಣತಿಯಂತೆ ಚಾಮರಾಜನಗರದಲ್ಲಿ ಸುಮಾರು 70 ಸಾವಿರ ಜನ, ಗುಂಡ್ಲುಪೇಟೆಯಲ್ಲಿ 28 ಸಾವಿರ. ಎಲ್ಲರಿಗೂ 135 ಲೀಟರ್ ಸಿಕ್ಕಿ, ಎಲ್ಲ ಮನೆಗಳೂ ಪೈಪಿಗೆ ಸೇರಿದ್ದರೆ ಚಾಮರಾಜನಗರದ ಒಳಚರಂಡಿಯಲ್ಲಿ ದಿನಕ್ಕೆ ಸುಮಾರು 75 ಲಕ್ಷ ಲೀಟರ್, ಗುಂಡ್ಲುಪೇಟೆಯಲ್ಲಿ 30 ಲಕ್ಷ ಲೀಟರ್ ಹರಿಯಬೇಕು. ಪೈಪಿನ ಅಳತೆ ಮಾಡುವುದು ಇವತ್ತಿನ ಜನಕ್ಕಲ್ಲ, ಮುಂದಿನ 30 ವರ್ಷದಲ್ಲಿ ಬೆಳೆಯುವ ಊರಿಗೆ. ಹಾಗಾಗಿ ಹೊಸ ಪೈಪು ಹುಟ್ಟುವಾಗಲೇ ಸಡಿಲ ಅಂಗಿ ತೊಟ್ಟಿರುತ್ತದೆ. ಅದರ ಮೇಲೆ ಮೂರರಲ್ಲಿ ಒಂದು ಮನೆ ಮಾತ್ರ ಸಂಪರ್ಕ ಪಡೆದಿದ್ದು, ಆ ಮನೆಗೂ ದಿನ ಬಿಟ್ಟು ದಿನ ನೀರು ಬಂದರೆ? 75 ಲಕ್ಷಕ್ಕಿಂತಲೂ ಹೆಚ್ಚಿಗೆಂದು ಹೂತ ಪೈಪಿನ ತಳದಲ್ಲಿ ಹತ್ತು ಹನ್ನೆರಡು ಲಕ್ಷ ಲೀಟರ್ ತೆವಳುತ್ತಿರುತ್ತದೆ.

ಒಳಚರಂಡಿ ಬಂದರೂ ಪ್ರಯೋಜನವಿಲ್ಲ, ಬರೀ ಕಟ್ಟಿಕೊಳ್ಳುತ್ತದೆ ಎಂದು ಅನೇಕರು ಸಂಪರ್ಕವನ್ನೇ ಪಡೆಯುವುದಿಲ್ಲ. ಸಂಪರ್ಕ ಪಡೆಯದಿರುವುದರಿಂದಲೇ ಅದು ಕಟ್ಟಿಕೊಳ್ಳುತ್ತದೆ. ಇದನ್ನು ಮುರಿಯುವ ತನಕ ಎಷ್ಟು ಕಿಲೋಮೀಟರ್ ಪೈಪು ಹೂತರೂ ಅಷ್ಟೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಟ್ಟಿದ್ದು ಎಲ್ಲಿ, ಉಕ್ಕಿದ್ದು ಎಲ್ಲಿ

ಮ್ಯಾನ್‌ಹೋಲ್ ಎಂದರೆ ಪೈಪು ದಿಕ್ಕು ಬದಲಿಸುವ, ಇನ್ನೊಂದನ್ನು ಕೂಡುವ, ಇಲ್ಲವೇ ಬಹಳ ಉದ್ದವಾಗುವ ಕಡೆ ಕಟ್ಟುವ ಕಿಂಡಿ. ಸಣ್ಣ ಬೀದಿಗಳಲ್ಲಿ ಸುಮಾರು 30 ಮೀಟರಿಗೆ ಒಂದು ಇರುತ್ತದೆ. ಎರಡು ಮ್ಯಾನ್‌ಹೋಲ್ ನಡುವೆ ಪೈಪು ನೇರ. ಒಂದರಲ್ಲಿ ಟಾರ್ಚು ಬಿಟ್ಟರೆ ಇನ್ನೊಂದರಲ್ಲಿ ಬೆಳಕು ಕಾಣಬೇಕು, ಕಾಮಗಾರಿ ಪರಿಶೀಲಿಸುವ ಹಳೆಯ ವಿಧಾನವೇ ಅದು.

ಪೈಪಿನಲ್ಲಿ ಎಲ್ಲೋ ಹೂಳು ಕೂತು ದಾರಿ ಮುಚ್ಚಿತು ಎನ್ನಿ. ಹಿಂದಿನಿಂದ ಬರುವ ನೀರಿಗೆ ಮುಂದೆ ಹೋಗಲಾಗದು. ಅದು ಪೈಪು ತುಂಬಿ, ಹಿಂದಕ್ಕೆ ಏರುತ್ತಾ, ನೆಲಮಟ್ಟ ಎಲ್ಲಿ ತಗ್ಗಾಗಿದೆಯೋ ಅಲ್ಲಿಯ ಮ್ಯಾನ್‌ಹೋಲಿನಿಂದ ಹೊರಬೀಳುತ್ತದೆ. ರೋಗ ಒಂದು ಕಡೆ, ನೋವು ಅದರ ಮೇಲುಗಡೆ. ಪೌರಕಾರ್ಮಿಕರು ಉಕ್ಕುವ ಗುಂಡಿ ಬಿಟ್ಟು ಕೆಳಗೆ ನಡೆಯುವುದು ಇದಕ್ಕೆ. ಹಾರೆಯ ತುದಿ ಕೊಟ್ಟು ಮುಚ್ಚಳ ಎಬ್ಬಿಸುತ್ತಾರೆ. ಮುಚ್ಚಳದ ಅಡಿಯಿಂದ ಜಿರಳೆಗಳು ನಾಲ್ಕೂ ದಿಕ್ಕಿಗೆ ಓಡುತ್ತವೆ. ಒಳಗೆ ಇಣುಕಿ, ತಳ ಒಣಗಿದೆಯೋ ತುಂಬಿದೆಯೋ ನೋಡುತ್ತಾರೆ. ಒಣಗಿದ್ದರೆ ಕಟ್ಟಿರುವುದು ಈ ಎರಡರ ನಡುವೆ. ಇದೂ ತುಂಬಿದ್ದರೆ ಇನ್ನೂ ಕೆಳಗೆ. ಒಣ ಮ್ಯಾನ್‌ಹೋಲ್ ಸಿಕ್ಕ ಮೇಲೆ ಜೆಟ್ಟಿಂಗ್ ಲಾರಿಯ ಮೂತಿಯನ್ನು ಅಲ್ಲಿಂದ ಮೇಲ್ಮುಖವಾಗಿ ಬಿಡುತ್ತಾರೆ. ಆ ಮೂತಿಯಿಂದ ನೀರು ಹಿಂದಕ್ಕೆ ಚಿಮ್ಮುವುದರಿಂದ ಅದು ತಾನೇ ಪೈಪಿನೊಳಗೆ ಮುಂದಕ್ಕೆ ನುಗ್ಗುತ್ತದೆ, ಸಡಿಲಾದ ಹೂಳು ಕೆಳಗಿನ ಗುಂಡಿಗೆ ಬಂದು ಬೀಳುತ್ತದೆ.

ಅಲ್ಲಿ ಬಂದು ಬೀಳುವುದರಲ್ಲಿ ಮನೆಮನೆಯ ಚರಿತ್ರೆ ಇರುತ್ತದೆ: ಶಾಂಪೂ ಸ್ಯಾಶೆ, ಬಟ್ಟೆ ಚೂರು, ಸ್ಯಾನಿಟರಿ ಪ್ಯಾಡು, ಕೂದಲಿನ ಉಂಡೆ. ಗುಂಡ್ಲುಪೇಟೆಯಂಥ ಊರಿನಲ್ಲಿ ಇನ್ನೊಂದು ವಿಶೇಷ. ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳು ಅಲ್ಲಿ ಕವಲೊಡೆಯುವುದರಿಂದ ಊರಿನ ಅಳತೆಗೆ ಮೀರಿದ ಹೋಟೆಲುಗಳಿವೆ. ಬಾಣಲೆ ತೊಳೆದ ಬಿಸಿ ಎಣ್ಣೆ ಸಿಂಕಿನಲ್ಲಿ ನೀರಾಗಿಯೇ ಇಳಿಯುತ್ತದೆ, ಪೈಪಿನ ತಂಪಿಗೆ ಹೆಪ್ಪುಗಟ್ಟಿ ಗೋಡೆಗೆ ಅಂಟುತ್ತದೆ. ಹೋಟೆಲಿನ ತೂಬಿಗೂ ಪೈಪಿಗೂ ನಡುವೆ ಜಿಡ್ಡು ತೇಲಿ ನಿಲ್ಲುವ ಒಂದು ಸಣ್ಣ ತೊಟ್ಟಿ ಕಟ್ಟಿದರೆ ಇದು ತಪ್ಪುತ್ತದೆ. ಅಂಥ ದುಬಾರಿ ಕೆಲಸವೇನೂ ಅಲ್ಲ.

ಮಳೆಗಾಲದ ಉಕ್ಕು ಇದಕ್ಕೆ ತಿರುಗುಮುರುಗು. ನಮ್ಮಲ್ಲಿ ಮಳೆನೀರಿಗೆ ರಸ್ತೆಬದಿಯ ಮೋರಿ, ಮನೆಯ ಕೊಳಚೆಗೆ ಒಳಚರಂಡಿ ಎಂದು ಎರಡು ಬೇರೆ ದಾರಿ. ತಾರಸಿಯ ಪೈಪನ್ನು ಒಳಚರಂಡಿಗೆ ಜೋಡಿಸಿದರೆ, ಅಂಗಳದ ನೀರು ಹೋಗಲೆಂದು ಮ್ಯಾನ್‌ಹೋಲಿನ ಮುಚ್ಚಳ ಸರಿಸಿದರೆ, ಒಂದು ಗಂಟೆಯ ಮಳೆಗೆ ಪೈಪು ತುಂಬಿ ತಗ್ಗಿನ ಬೀದಿಯವರ ಬಚ್ಚಲಲ್ಲಿ ಮೇಲೇಳುತ್ತದೆ. ಮೇಲುಬೀದಿಯವರು ಮುಚ್ಚಳ ಸರಿಸಿದ್ದು ಕೆಳಬೀದಿಯವರಿಗೆ ಗೊತ್ತೇ ಆಗುವುದಿಲ್ಲ.

ಕೊಳೆತ ಮೊಟ್ಟೆಯ ವಾಸನೆ

ನಿಂತ ಕೊಳಚೆಯಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಆಮೇಲೆ ಅಲ್ಲಿ ಕೆಲಸ ಹಿಡಿಯುವುದು ಗಾಳಿ ಬೇಡದ ಸೂಕ್ಷ್ಮಜೀವಿಗಳು. ಅವು ನೀರಿನಲ್ಲಿರುವ ಗಂಧಕದ ಲವಣಗಳನ್ನು ಬಳಸಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಬಿಡುತ್ತವೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗಿನ ವಾಸನೆ ಹಿಡಿಯುವ ಶಕ್ತಿಯೇ ಸತ್ತುಹೋಗುತ್ತದೆ, ಅಪಾಯ ಕಳೆಯಿತೆಂದು ಅನ್ನಿಸುತ್ತದೆ. ಆ ಮಟ್ಟ ದಾಟಿದರೆ ಕೆಲವೇ ಉಸಿರಿಗೆ ಮನುಷ್ಯ ಬೀಳುತ್ತಾನೆ. ಎತ್ತಲು ಇಳಿದ ಎರಡನೆಯವನೂ, ಮೂರನೆಯವನೂ ಹಾಗೆಯೇ ಸಾಯುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಪೈಪಿನ ತಾರಸಿಗೆ ಅಂಟಿದ ಇದೇ ಅನಿಲವನ್ನು ಬೇರೆ ಜೀವಿಗಳು ಗಂಧಕಾಮ್ಲ ಮಾಡಿ ಕಾಂಕ್ರೀಟನ್ನು ತಿನ್ನುತ್ತವೆ. ಮೇಲೆ ರಸ್ತೆ ಕುಸಿಯುವುದೂ ಉಂಟು.

ತೊಳೆವೇಗವಿಲ್ಲದ ಪೈಪು ಮೊದಲು ಕಟ್ಟುತ್ತದೆ, ಆಮೇಲೆ ಕೊಲ್ಲುತ್ತದೆ.

ಒಳಚರಂಡಿ ಅಥವಾ ಶೌಚಗುಂಡಿಯೊಳಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದಿದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಇದು ನಗರಸಭೆಗೂ ಅನ್ವಯ, ಮನೆ ಹಿಂದಿನ ಗುಂಡಿಗೆ ಕೂಲಿಯವನನ್ನು ಕರೆಯುವ ಮನೆಯೊಡೆಯನಿಗೂ ಅನ್ವಯ. ಸತ್ತವರ ಕುಟುಂಬಕ್ಕೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿ ಎಂದಿತ್ತು, 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಈ ಕೆಲಸಕ್ಕೆ ಯಾವ ಜಾತಿಯವರನ್ನು ಇಳಿಸುತ್ತ ಬಂದಿದ್ದೇವೆ ಎಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ನಿನ್ನೆಯ ಹೆಪ್ಪು

ಇಳಿದು ಇಳಿದು ಕೊನೆಗೆ ಎಲ್ಲವೂ ಊರ ಹೊರಗಿನ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ಸರಳಿನ ಜಾಲರಿ ಕಸ ತಡೆಯುತ್ತದೆ, ಒಂದು ತೊಟ್ಟಿ ಮರಳು ಕೂರಿಸುತ್ತದೆ. ಇವು ಸಣ್ಣ ಕೆಲಸ. ನೀರಿನಲ್ಲಿ ಕರಗಿದ ಕೊಳೆಯನ್ನು ತೆಗೆಯುವುದೇ ದೊಡ್ಡದು. ಅದನ್ನು ಯಾವ ಯಂತ್ರವೂ ಮಾಡದು, ಕೋಟಿಗಟ್ಟಲೆ ಬ್ಯಾಕ್ಟೀರಿಯಾ ತಿಂದು ಮುಗಿಸಬೇಕು.

ಕೊಳೆಯ ಅಳತೆಯನ್ನೂ ಆ ತಿನ್ನುವಿಕೆಯಿಂದಲೇ ಮಾಡುತ್ತಾರೆ. ಒಂದು ಲೀಟರ್ ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು? ಪ್ರಯೋಗಾಲಯದವರು ಬಿಒಡಿ ಎನ್ನುವ ಈ ಅಂಕಿಯನ್ನು ಆಮ್ಲಜನಕದ ಹಸಿವು ಎಂದು ಕರೆಯಬಹುದು. ಮನೆಗಳಿಂದ ಬಂದ ಕೊಳಚೆಯಲ್ಲಿ ಇದು ಲೀಟರಿಗೆ 200ರಿಂದ 300 ಮಿಲಿಗ್ರಾಂ. ಹೊಳೆಗೆ ಬಿಡುವ ಮುನ್ನ, 2017ರ ಕೇಂದ್ರ ಅಧಿಸೂಚನೆಯಂತೆ, ಮಹಾನಗರಗಳಲ್ಲದ ಕಡೆ 30ಕ್ಕೆ ಇಳಿಯಬೇಕು. ಇಳಿಸದೆ ಬಿಟ್ಟರೆ ಆ ಹಸಿವು ಹೊಳೆಯ ಆಮ್ಲಜನಕದಿಂದಲೇ ತೀರುತ್ತದೆ, ಮೀನು ಸಾಯುತ್ತದೆ.

ಕೊಳಚೆಗೆ ಗಾಳಿ ಊದುತ್ತಿದ್ದರೆ ಬ್ಯಾಕ್ಟೀರಿಯಾ ಬೆಳೆದು ಕೊಳೆ ತಿನ್ನುತ್ತವೆ ಎಂದು ಹಿಂದೆಯೇ ಗೊತ್ತಿತ್ತು. ತೊಂದರೆ ಏನೆಂದರೆ ಅದಕ್ಕೆ ವಾರಗಳೇ ಹಿಡಿಯುತ್ತಿದ್ದವು. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಒಂದು ಸಣ್ಣ ಬದಲಾವಣೆ ಮಾಡಿದರು. ಗಾಳಿ ಊದಿ ಮುಗಿದ ಮೇಲೆ ತಳಕ್ಕೆ ಕೂತ ಕೆಸರನ್ನು ಚೆಲ್ಲುವ ಬದಲು ಉಳಿಸಿಕೊಂಡು, ಅದಕ್ಕೇ ಹೊಸ ಕೊಳಚೆ ಸುರಿದರು. ಮತ್ತೆ ಮತ್ತೆ ಹೀಗೆ ಮಾಡಿದಾಗ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಯಾವ ಅಜ್ಜಿಗೂ ಇದು ಆಶ್ಚರ್ಯವಾಗಲಾರದು. ಹಸಿದ ಬ್ಯಾಕ್ಟೀರಿಯಾ ಪಡೆ ಸಿದ್ಧವಿರುವಾಗ ಶೂನ್ಯದಿಂದ ಬೆಳೆಸುವುದೇಕೆ? ಇಂದು ಜಗತ್ತಿನ ಸಾವಿರಾರು ಊರುಗಳಲ್ಲಿ ನಡೆಯುವುದು ಈ ಹೆಪ್ಪಿನ ವಿಧಾನವೇ.

ಈ ಕಥೆಯ ಉಳಿದರ್ಧ ನಮ್ಮದು, ಆದರೆ ಯಾಕೋ ನಾವು ಹೇಳಿಕೊಳ್ಳುವುದಿಲ್ಲ. ಆರ್ಡರ್ನ್-ಲಾಕೆಟ್‌ರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯಲ್ಲಿ 1940ರ ದಶಕದ ಆರಂಭದಲ್ಲಿ ಎಸ್.ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್, ಬ್ಯಾಕ್ಟೀರಿಯಾ ಮಾತ್ರವಲ್ಲದೆ ತೊಟ್ಟಿನ ತುದಿಯಲ್ಲಿ ಗಂಟೆಯಂತೆ ನಿಂತ ಏಕಕೋಶ ಜೀವಿಗಳೂ ನೀರನ್ನು ತಿಳಿ ಮಾಡುವುದರಲ್ಲಿ ಮುಖ್ಯ ಪಾಲು ಹೊಂದಿವೆ ಎಂದು ತೋರಿಸಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಸುಬ್ರಹ್ಮಣ್ಯನ್ ಅವರೇ ಮುಂದೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಮೊದಲ ನಿರ್ದೇಶಕರು. ಚಾಮರಾಜನಗರ ಆಗ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು.

ಹೆಪ್ಪಿಗೂ ಹಾಲು ಬೇಕು. ಘಟಕಕ್ಕೆ ಬರಬೇಕಾದ ಕೊಳಚೆಯಲ್ಲಿ ಕಾಲುಭಾಗವೂ ಬರದಿದ್ದರೆ ಬ್ಯಾಕ್ಟೀರಿಯಾ ಹಸಿವಿನಿಂದ ಸೊರಗುತ್ತವೆ. ಮನೆ ಸಂಪರ್ಕದ ಕೊರತೆ ಪೈಪಿನ ತಲೆಯಲ್ಲಿ ಹೂಳಾಗಿ, ಬಾಲದಲ್ಲಿ ಬರಿದಾದ ತೊಟ್ಟಿಯಾಗಿ ಕಾಣಿಸಿಕೊಳ್ಳುತ್ತದೆ.

ಕಟ್ಟುವವರು, ನಡೆಸುವವರು

ಇನ್ನು ಕಚೇರಿಗಳು. ಶಿಕಾಗೊದಲ್ಲಿ ಕೊಳಚೆಗೆಂದೇ 1889ರಲ್ಲಿ ಪ್ರತ್ಯೇಕ ಸ್ಥಳೀಯ ಸರ್ಕಾರ ಕಟ್ಟಿದರು. ಅದರ ಒಂಬತ್ತು ಆಯುಕ್ತರನ್ನು ಇವತ್ತಿಗೂ ಜನ ಓಟು ಹಾಕಿ ಆರಿಸುತ್ತಾರೆ. ತೆರಿಗೆ ಹಾಕುವುದು, ಘಟಕ ಕಟ್ಟುವುದು, ನಡೆಸುವುದು ಎಲ್ಲ ಒಂದೇ ಸಂಸ್ಥೆ. ಅಮೆರಿಕದಲ್ಲಿ ಇಂಥ ಒಳಚರಂಡಿ ಜಿಲ್ಲೆಗಳು ಬಹಳ. ನಮ್ಮಲ್ಲಿ ಅದಕ್ಕೆ ಹತ್ತಿರದ್ದೆಂದರೆ 1964ರ ಕಾಯ್ದೆಯ ಬೆಂಗಳೂರು ಜಲಮಂಡಳಿ, ಅದಕ್ಕೂ ಚುನಾವಣೆ ಇಲ್ಲ.

ಉಳಿದ ಊರುಗಳಿಗೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. 1973ರ ಕಾಯ್ದೆ, 1975ರಲ್ಲಿ ಕೆಲಸ ಆರಂಭ. ಊರಿನ ಸರ್ವೆ ಮಾಡಿ, ಇಳಿಜಾರು ಲೆಕ್ಕ ಹಾಕಿ, ಯೋಜನಾ ವರದಿ ಬರೆದು, ಟೆಂಡರ್ ಕರೆದು, ಪೈಪು ಹೂಳುವುದು ಅದರ ಕೆಲಸ. ಮುಗಿದ ಮೇಲೆ ಮಂಡಳಿ ಅದನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡುತ್ತದೆ. ಚಾಮರಾಜನಗರದಲ್ಲಿ 31 ವಾರ್ಡುಗಳ ನಗರಸಭೆ, ಗುಂಡ್ಲುಪೇಟೆಯಲ್ಲಿ 23 ವಾರ್ಡುಗಳ ಪುರಸಭೆ. ನಡೆಸುವುದು, ದುರಸ್ತಿ, ಶುಲ್ಕ ವಸೂಲಿ, ದೂರು ಎಲ್ಲ ಅಲ್ಲಿಂದ ಮುಂದೆ ಇವರ ತಲೆಗೆ. ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆಯಲ್ಲಿ ಮುಖ್ಯಾಧಿಕಾರಿ ಆಡಳಿತ ನಡೆಸುತ್ತಾರೆ. ಪರಿಸರ ಎಂಜಿನಿಯರ್, ಆರೋಗ್ಯ ನಿರೀಕ್ಷಕರು ಬೀದಿಯ ಮಟ್ಟದಲ್ಲಿ ಎದುರಾಗುವವರು. ಬಜೆಟ್ಟಿಗೆ ಒಪ್ಪಿಗೆ ಕೊಡುವುದು ಚುನಾಯಿತ ಕೌನ್ಸಿಲ್. ಇವರೆಲ್ಲರ ಮೇಲೆ ಜಿಲ್ಲಾಧಿಕಾರಿ ಮತ್ತು ಅವರ ಕೆಳಗಿನ ನಗರಾಭಿವೃದ್ಧಿ ಕೋಶ, ರಾಜಧಾನಿಯಲ್ಲಿ ಪೌರಾಡಳಿತ ನಿರ್ದೇಶನಾಲಯ. ಘಟಕದಿಂದ ಹೊರಬಿಡುವ ನೀರನ್ನು ಅಳೆಯುವ ಹಕ್ಕು 1974ರ ಜಲ ಕಾಯ್ದೆಯಿಂದ ಹುಟ್ಟಿದ ಮಾಲಿನ್ಯ ನಿಯಂತ್ರಣ ಮಂಡಳಿಗೆ.

ಕಟ್ಟುವವರೊಬ್ಬರು, ನಡೆಸುವವರೊಬ್ಬರು ಎಂಬ ಈ ಏರ್ಪಾಡಿಗೆ ಕಾರಣವಿದೆ. 28 ಸಾವಿರ ಜನರ ಪುರಸಭೆ ಮೂವತ್ತು ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ತಜ್ಞ ಎಂಜಿನಿಯರುಗಳ ಪಡೆಯನ್ನು ಸಾಕಲಾಗದು. ಆದರೆ ಕಟ್ಟುವವರಿಗೆ ಹೂತ ಪೈಪಿನ ಉದ್ದವೇ ಸಾಧನೆ, ಮನೆಯಿಂದ ಪೈಪಿನವರೆಗಿನ ಕೊನೆಯ ಹತ್ತು ಅಡಿ ಮನೆಯವರ ಜವಾಬ್ದಾರಿ ಎಂದು ಬಿಟ್ಟುಬಿಡುತ್ತಾರೆ. ತೊಳೆವೇಗ ಹುಟ್ಟುವುದು ಆ ಹತ್ತು ಅಡಿಯಲ್ಲಿ. ನನ್ನ ಕೇಳಿದರೆ ಮನೆ ಸಂಪರ್ಕದ ಖರ್ಚನ್ನು ಯೋಜನೆಯೊಳಗೇ ಸೇರಿಸಿ, ಸಂಪರ್ಕದ ಸಂಖ್ಯೆ ನೋಡಿ ಹಸ್ತಾಂತರ ಮಾಡಿಕೊಳ್ಳಬೇಕು.

ಪ್ರಶ್ನೆ ಕೇಳಬೇಕಾದ ಕೌನ್ಸಿಲ್ ಕೂಡ ಸದಾ ಇರುವುದಿಲ್ಲ. ಚಾಮರಾಜನಗರದಲ್ಲಿ 2018ರಲ್ಲಿ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿ, ರಾಜ್ಯದ ಇತರ ಅನೇಕ ಊರುಗಳಂತೆ ಇಲ್ಲಿಯೂ ಸದಸ್ಯರು ಗೆದ್ದೂ ಅಧಿಕಾರವಿಲ್ಲದೆ ಸುಮಾರು ಎರಡು ವರ್ಷ ಕಳೆದರು. ಆ ಹೊತ್ತಿನಲ್ಲಿ ಆಡಳಿತಾಧಿಕಾರಿಯದೇ ಕಾರುಬಾರು.

ಶುಲ್ಕವೂ ಹರಿಯಬೇಕು

ಹಣದ ಲೆಕ್ಕ ಚಿಕ್ಕದು. ಪೈಪು ಹೂಳಲು ಕೇಂದ್ರ, ರಾಜ್ಯಗಳ ಅನುದಾನ ಬರುತ್ತದೆ. ನಡೆಸಲು ಬೇಕಾದ ಕರೆಂಟು ಬಿಲ್ಲು, ಡೀಸೆಲ್, ಜೆಟ್ಟಿಂಗ್ ಲಾರಿ, ಸಂಬಳಗಳಿಗೆ ಮುಖ್ಯ ಆಸರೆ ಸಂಪರ್ಕ ಪಡೆದ ಮನೆಗಳ ಶುಲ್ಕ, ಆಸ್ತಿ ತೆರಿಗೆ, ಜೊತೆಗೆ ಹಣಕಾಸು ಆಯೋಗಗಳ ಅನುದಾನ. ಸಂಗ್ರಹ ಬಾವಿಯ ಪಂಪು ನೂರು ಮನೆಗೂ ಸಾವಿರ ಮನೆಗೂ ಓಡಲೇಬೇಕು. ಸಂಪರ್ಕ ಕಡಿಮೆಯಾದರೆ ಖರ್ಚು ಹಾಗೇ ಉಳಿದು ಆದಾಯ ಮಾತ್ರ ಇಳಿಯುತ್ತದೆ, ಡೀಸೆಲ್ ನಿಲ್ಲುತ್ತದೆ, ಪೈಪು ಕಟ್ಟುತ್ತದೆ, ಇನ್ನಷ್ಟು ಮನೆಗಳು ದೂರ ಸರಿಯುತ್ತವೆ. ಒಂದು ಮನೆ ಪೈಪಿಗೆ ಸೇರಿದಾಗ ನೀರನ್ನೂ ಕೊಡುತ್ತದೆ, ಹಣವನ್ನೂ ಕೊಡುತ್ತದೆ. ಮೂರು ಒಗಟುಗಳ ಬೇರು ಇದೇ.

ಪೈಪು ತಲುಪದ ಬೀದಿಗಳು

ಎರಡೂ ಊರುಗಳ ಅಂಚಿನ ಬಡಾವಣೆಗಳಲ್ಲಿ ಇನ್ನೂ ಶೌಚಗುಂಡಿಗಳೇ ಗತಿ. ಅದರಲ್ಲಿ ಕೀಳೇನೂ ಇಲ್ಲ. ಸರಿಯಾಗಿ ಕಟ್ಟಿದ ಗುಂಡಿಯನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಸಕ್ಕಿಂಗ್ ವಾಹನದಿಂದ ಬರಿದು ಮಾಡಿಸಿದರೆ ಸಾಕು. ಆ ವಾಹನ ಎಲ್ಲಿ ಹೋಗಿ ಸುರಿಯುತ್ತದೆ ಎಂಬುದೇ ತಕರಾರು. ದೇವನಹಳ್ಳಿ ಇದಕ್ಕೆ 2015ರಲ್ಲೇ ಉತ್ತರ ಕಂಡುಕೊಂಡಿತು: ಒಳಚರಂಡಿಯಿಲ್ಲದ ಊರಿನ ಗುಂಡಿಗಳ ಕೆಸರನ್ನು ತಂದು ಸಂಸ್ಕರಿಸುವ, ದೇಶದಲ್ಲೇ ಊರಿನ ಮಟ್ಟದ ಮೊದಲ ಘಟಕ. ಗುಂಡ್ಲುಪೇಟೆಯಷ್ಟೇ ಸುಮಾರಿನ ಊರು ಅದು. ಒಂದು ಲಕ್ಷಕ್ಕಿಂತ ಕಡಿಮೆ ಜನರ ಊರುಗಳ ಬಳಸಿದ ನೀರಿಗೆಂದೇ 2021ರ ಸ್ವಚ್ಛ ಭಾರತ್ ಎರಡನೇ ಹಂತದಲ್ಲಿ ಹಣ ಇಟ್ಟಿದ್ದಾರೆ.

ಈ ನೀರು ಹೋಗುವ ದಾರಿಯನ್ನು ಭೂಪಟದಲ್ಲಿ ಒಮ್ಮೆ ಬೆರಳಿಟ್ಟು ನೋಡಿ. ಗುಂಡ್ಲುಪೇಟೆಯ ಗುಂಡ್ಲುಹೊಳೆ ಉತ್ತರಕ್ಕೆ ಹರಿದು ನಂಜನಗೂಡಿನ ಹತ್ತಿರ ಕಬಿನಿ ಸೇರುತ್ತದೆ, ಕಬಿನಿ ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಚಾಮರಾಜನಗರದ ನಲ್ಲಿಗೆ ನೀರು ಬರುವುದೂ ತಿ. ನರಸೀಪುರದ ಕಡೆಯಿಂದಲೇ.

ನಗರಸಭೆ, ಪುರಸಭೆಗಳು ಬಜೆಟ್ಟಿಗೆ ಮುನ್ನ ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ಮಾಡುತ್ತವೆ. ಬೀದಿದೀಪ, ಉದ್ಯಾನ, ವೃತ್ತಕ್ಕೆ ಹೆಸರು ಇವುಗಳಲ್ಲೇ ಸಭೆ ಮುಗಿದುಹೋಗುವುದುಂಟು. ಮುಂದಿನ ಸಲ ಹೋಗಿ ಎರಡು ಅಂಕಿ ಕೇಳಿ: ಒಳಚರಂಡಿ ಪೈಪು ಹಾದುಹೋಗುವ ಬೀದಿಗಳಲ್ಲಿ ಎಷ್ಟು ಮನೆಗಳಿವೆ, ಅವುಗಳಲ್ಲಿ ಎಷ್ಟು ಮನೆಗಳಿಗೆ ಸಂಪರ್ಕ ಇದೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.